ಮನೆಯಲ್ಲೇ ಸಬ್‌ವೂಫರ್ ಕಟ್ಟುವುದು: ಮುಚ್ಚಿದ ಪೆಟ್ಟಿಗೆಯೋ, ಪೋರ್ಟ್ ಇರುವ ಪೆಟ್ಟಿಗೆಯೋ?

ಸಾಗರದವ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಹಳೆಯ ಹಂಚಿನ ಮನೆಗೆ ಹೊಂದಿಕೊಂಡಂತೆ ಆರ್‌ಸಿಸಿ ತಾರಸಿಯ ಒಂದು ಹಾಲ್ ಕಟ್ಟಿಸಿದ್ದೇವೆ. ಅದರ ಒಳ ಅಳತೆ 15 ಅಡಿ ಉದ್ದ, 12 ಅಡಿ ಅಗಲ ಮತ್ತು 10 ಅಡಿ ಎತ್ತರ. ಅಲ್ಲಿ 5.1 ಚಾನೆಲ್‌ನ ಎವಿ ರಿಸೀವರ್ ಹಾಗೂ ಸ್ಪೀಕರ್‌ಗಳಿವೆ. ಮಾತು ಸ್ಪಷ್ಟವಾಗಿ ಕೇಳುತ್ತದೆ, ಆದರೆ ಸ್ಪೀಕರ್‌ಗಳ ಜೊತೆಗೇ ಬಂದ 8 ಇಂಚಿನ ಸಬ್‌ವೂಫರ್ (ಬಾಸ್ ಸದ್ದಿಗೆಂದೇ ಇರುವ ಸ್ಪೀಕರ್) ಮಾತ್ರ ಗುಡುಗಾಗಲಿ, ಲಾರಿಯ ಸದ್ದಾಗಲಿ, ತಬಲಾದ ಬಾಯನ್ ಆಗಲಿ, ಎಲ್ಲವನ್ನೂ ಒಂದೇ ಸ್ವರದಲ್ಲಿ ಗುಂಯ್‌ಗುಡಿಸುತ್ತದೆ.

ಹೊಸದನ್ನು ಕೊಳ್ಳುವುದಕ್ಕಿಂತ ನಾನೇ ಒಂದನ್ನು ಕಟ್ಟಬೇಕೆಂದಿದ್ದೇನೆ. ಚಿಕ್ಕಪ್ಪನ ಮಗ ಕಾರು ಮಾರುವಾಗ ಕಳಚಿ ಇಟ್ಟಿದ್ದ 12 ಇಂಚಿನ ಡ್ರೈವರ್ (ಪೆಟ್ಟಿಗೆಯಿಲ್ಲದ ಬರೀ ಸ್ಪೀಕರ್) ನನ್ನ ಬಳಿ ಇದೆ. ಅದರ ಜೊತೆಗಿದ್ದ ಕಾಗದದಲ್ಲಿ ಹೀಗಿದೆ: ಎಫ್‌ಎಸ್ 26 ಹರ್ಟ್ಸ್, ಕ್ಯೂಟಿಎಸ್ 0.45, ವಿಎಎಸ್ 80 ಲೀಟರ್, ಎಕ್ಸ್‌ಮ್ಯಾಕ್ಸ್ 10 ಮಿ.ಮೀ., ಸಂವೇದನೆ 86 ಡೆಸಿಬಲ್, 4 ಓಮ್‌ನ ಎರಡು ಕಾಯಿಲ್‌ಗಳು, 300 ವಾಟ್.

ಅಂತರ್ಜಾಲದಲ್ಲಿ ನೋಡಿದ ಒಂದು ನಕ್ಷೆಯಲ್ಲಿ, ಯಾವುದೇ 12 ಇಂಚಿನ ಡ್ರೈವರ್ ಆದರೂ 100 ಲೀಟರ್‌ನ ಪೆಟ್ಟಿಗೆಗೆ ಹಾಕಿ, 3 ಇಂಚು ವ್ಯಾಸದ, 15 ಸೆಂ.ಮೀ. ಉದ್ದದ ಎರಡು ಪೈಪ್‌ಗಳನ್ನು (ಇವನ್ನೇ ಪೋರ್ಟ್ ಎನ್ನುತ್ತಾರೆ) ಕೂರಿಸಿದರೆ ಸಾಕೆಂದು ಹೇಳಿದ್ದಾರೆ. ನಮ್ಮೂರಿನ ಬಡಗಿಗಳು ಅಳತೆ ಕೊಟ್ಟರೆ ಅಚ್ಚುಕಟ್ಟಾಗಿ ಮಾಡಿಕೊಡುತ್ತಾರೆ. ಆದರೆ ಅಳತೆಯೇ ಸರಿಯಿದೆಯೋ ಇಲ್ಲವೋ ಎಂಬುದು ನನಗೆ ತಿಳಿಯದು. ಆ ನಕ್ಷೆಯನ್ನು ನಂಬಬಹುದೇ? ಮಳೆಗಾಲದಲ್ಲಿ ನಮ್ಮಲ್ಲಿ ಗೋಡೆಯೇ ಬೆವರುತ್ತದೆ. ಎಂಡಿಎಫ್ (ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ) ಬಳಸಬಹುದೇ, ಪ್ಲೈವುಡ್ಡೇ ಬೇಕೇ? ಆಂಪ್ಲಿಫೈಯರ್ ಎಷ್ಟು ವಾಟ್ ಇರಬೇಕು? ಕಾಯಿಲ್‌ಗಳನ್ನು ಹೇಗೆ ಜೋಡಿಸಬೇಕು? ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಬೆಸುಗೆಕಡ್ಡಿ:

ಆ ನಕ್ಷೆಯನ್ನು ಬಿಟ್ಟುಬಿಡಿ. "ಯಾವುದೇ 12 ಇಂಚಿನ ಡ್ರೈವರ್‌ಗೆ" ಎಂದು ಬರೆದಿರುವ ಪೆಟ್ಟಿಗೆ ನಿಜವಾಗಿ ಯಾವ ಡ್ರೈವರ್‌ಗೂ ಹೊಂದುವುದಿಲ್ಲ. ಪೆಟ್ಟಿಗೆಯೊಳಗಿನ ಗಾಳಿಯು ಡ್ರೈವರ್‌ನ ಕೋನಿಗೆ ಸ್ಪ್ರಿಂಗ್‌ನಂತೆ ವರ್ತಿಸುತ್ತದೆ. ಆ ಸ್ಪ್ರಿಂಗ್ ಎಷ್ಟು ಬಿಗಿಯಾಗಿರಬೇಕು ಎಂಬುದು ಡ್ರೈವರ್‌ನ ವ್ಯಾಸದಿಂದ ನಿರ್ಧಾರವಾಗುವುದಿಲ್ಲ. ನೀವು ಕೊಟ್ಟಿರುವ ಎಫ್‌ಎಸ್ (ಡ್ರೈವರ್ ತಾನಾಗಿ ಅನುರಣಿಸುವ ಫ್ರೀಕ್ವೆನ್ಸಿ), ಕ್ಯೂಟಿಎಸ್ (ಆ ಅನುರಣನ ಎಷ್ಟು ತೀಕ್ಷ್ಣ ಎಂಬ ಅಳತೆ), ವಿಎಎಸ್ (ಕೋನನ್ನು ಹಿಡಿದಿಡುವ ಸಸ್ಪೆನ್ಷನ್‌ನಷ್ಟೇ ಬಿಗಿ ಕೊಡುವ ಗಾಳಿಯ ಪ್ರಮಾಣ) ಎಂಬ ಮೂರು ಅಂಕಿಗಳಿಂದ ನಿರ್ಧಾರವಾಗುತ್ತದೆ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಈ ಲೆಕ್ಕಕ್ಕೆ ಅಡಿಪಾಯ ಹಾಕಿದರು. ಅವರ ಲೇಖನ ಅಮೆರಿಕದ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ 1971ರಲ್ಲಿ ಮರುಮುದ್ರಣವಾದ ಮೇಲೆ ಜಗತ್ತಿನ ಗಮನ ಸೆಳೆಯಿತು. ಮುಂದೆ ರಿಚರ್ಡ್ ಸ್ಮಾಲ್ ಅದನ್ನು ವಿಸ್ತರಿಸಿದರು. ಅಂದಿನಿಂದ ಪೆಟ್ಟಿಗೆಯ ಗಾತ್ರವನ್ನು ಅಂದಾಜಿನಿಂದ ಹೇಳುವ ಅಗತ್ಯವೇ ಉಳಿದಿಲ್ಲ.

ಮೊದಲು ಆ ನಕ್ಷೆಯನ್ನೇ ಲೆಕ್ಕ ಹಾಕಿ ನೋಡೋಣ. 100 ಲೀಟರ್ ಪೆಟ್ಟಿಗೆಗೆ 3 ಇಂಚಿನ, 15 ಸೆಂ.ಮೀ. ಉದ್ದದ ಎರಡು ಪೈಪ್‌ಗಳನ್ನು ಹಾಕಿದರೆ ಅದರ ಶ್ರುತಿ (ಪೈಪಿನೊಳಗಿನ ಗಾಳಿ ಅನುರಣಿಸುವ ಫ್ರೀಕ್ವೆನ್ಸಿ) ಸುಮಾರು 36 ಹರ್ಟ್ಸ್‌ನಲ್ಲಿ ನಿಲ್ಲುತ್ತದೆ. ಈಗ ನಿಮ್ಮ ಹಾಲ್‌ನ ಕಡೆಗೆ ಬನ್ನಿ. ಎದುರುಬದುರು ಗೋಡೆಗಳ ನಡುವೆ ಧ್ವನಿ ಅನುರಣಿಸುವ ಅತಿ ಕೆಳಗಿನ ಫ್ರೀಕ್ವೆನ್ಸಿಯನ್ನು ತಿಳಿಯಲು, ಧ್ವನಿಯ ವೇಗವಾದ ಸೆಕೆಂಡಿಗೆ 344 ಮೀಟರನ್ನು ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಬೇಕು. 15 ಅಡಿಗೆ ಅದು ಸುಮಾರು 38 ಹರ್ಟ್ಸ್, 12 ಅಡಿಗೆ 47 ಹರ್ಟ್ಸ್, 10 ಅಡಿ ಎತ್ತರಕ್ಕೆ 56 ಹರ್ಟ್ಸ್. ಅಂದರೆ ನಿಮ್ಮ ಕೋಣೆ ತಾನಾಗಿಯೇ ಎಲ್ಲಿ ಗುಂಯ್‌ಗುಡುತ್ತದೆಯೋ, ಸರಿಸುಮಾರು ಅಲ್ಲಿಗೇ ಆ ಪೆಟ್ಟಿಗೆಯೂ ಒತ್ತು ಕೊಡುತ್ತದೆ. ಈಗಿನ ಸಬ್‌ವೂಫರ್‌ನ ಮೇಲೆ ನೀವು ಹೇಳುತ್ತಿರುವ ದೂರು ಹೊಸ ಪೆಟ್ಟಿಗೆಯಲ್ಲಿ ಇನ್ನಷ್ಟು ಜೋರಾಗಿ ಕೇಳಿಸುತ್ತದೆ, ಅಷ್ಟೇ.

ನಿಮ್ಮ ಡ್ರೈವರ್‌ಗೆ ಪೈಪಿಲ್ಲದ, ಮುಚ್ಚಿದ ಪೆಟ್ಟಿಗೆಯನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಪೆಟ್ಟಿಗೆಯಲ್ಲಿ ಕೂರಿಸಿದ ಮೇಲೆ ಒಟ್ಟು ಕ್ಯೂ 0.707 ಇರಬೇಕೆಂದು ಇಟ್ಟುಕೊಳ್ಳೋಣ. ಉಬ್ಬಿಲ್ಲದೆ, ಸಾಧ್ಯವಾದಷ್ಟು ಕೆಳಗಿನವರೆಗೆ ಸಮವಾಗಿ ನುಡಿಯುವ ಮಟ್ಟವದು. 0.707ನ್ನು ಕ್ಯೂಟಿಎಸ್‌ನಿಂದ ಭಾಗಿಸಿದರೆ 1.57, ಅದರ ವರ್ಗ 2.47, ಅದರಿಂದ 1 ಕಳೆದರೆ 1.47. ವಿಎಎಸ್ 80 ಲೀಟರನ್ನು ಇದರಿಂದ ಭಾಗಿಸಿದಾಗ ಸುಮಾರು 54 ಲೀಟರ್ ಬರುತ್ತದೆ. ಅದೇ 1.57ರಿಂದ ಎಫ್‌ಎಸ್ ಅನ್ನು ಗುಣಿಸಿದರೆ 41 ಹರ್ಟ್ಸ್. ಆ ಫ್ರೀಕ್ವೆನ್ಸಿಯಲ್ಲಿ ಧ್ವನಿ 3 ಡೆಸಿಬಲ್ ಇಳಿದಿರುತ್ತದೆ. ಅದರ ಕೆಳಗೆ ಪ್ರತಿ ಅಷ್ಟಕಕ್ಕೆ (ಅಂದರೆ ಫ್ರೀಕ್ವೆನ್ಸಿ ಅರ್ಧವಾದಾಗಲೆಲ್ಲ) 12 ಡೆಸಿಬಲ್‌ನಂತೆ ಇಳಿಯುತ್ತಾ ಹೋಗುತ್ತದೆ.

41 ಹರ್ಟ್ಸ್ ಎಂದೊಡನೆ ನಿರಾಶರಾಗಬೇಡಿ. ಆ ಇಳಿಕೆಯನ್ನು ತುಂಬಲು ನಿಮ್ಮ ಕೋಣೆಯೇ ನೆರವಾಗುತ್ತದೆ. ಕೋಣೆಯ ಅತಿ ಕೆಳಗಿನ ಅನುರಣನಕ್ಕಿಂತ, ಅಂದರೆ 38 ಹರ್ಟ್ಸ್‌ಗಿಂತ ಕೆಳಗೆ, ಧ್ವನಿ ಅಲೆಯಂತೆ ಓಡಾಡುವುದನ್ನು ಬಿಟ್ಟು ಇಡೀ ಕೋಣೆಯ ಗಾಳಿಯನ್ನು ಒಟ್ಟಿಗೆ ಒತ್ತಿ ಬಿಡುತ್ತದೆ. ಗೋಡೆಗಳು ಗಟ್ಟಿಯಾಗಿದ್ದು ಬಾಗಿಲು ಮುಚ್ಚಿದ್ದರೆ ಆ ಒತ್ತಡವು ಫ್ರೀಕ್ವೆನ್ಸಿ ಇಳಿದಂತೆ ಏರುತ್ತದೆ. ಮುಚ್ಚಿದ ಪೆಟ್ಟಿಗೆಯ ಇಳಿಕೆಗೂ ಕೋಣೆಯ ಈ ಏರಿಕೆಗೂ ತಕ್ಕಮಟ್ಟಿನ ಹೊಂದಾಣಿಕೆಯಿದೆ. ಕಾರಿನ ಸಬ್‌ವೂಫರ್‌ಗಳು ಅಷ್ಟು ಚಿಕ್ಕ ಪೆಟ್ಟಿಗೆಯಲ್ಲಿದ್ದೂ ಎದೆ ನಡುಗಿಸುವುದಕ್ಕೆ ಇದೇ ಕಾರಣ: ಕಾರಿನ ಒಳಾಂಗಣ ಚಿಕ್ಕದಾದ್ದರಿಂದ ಈ ನೆರವು ಇನ್ನೂ ಮೇಲಿನ ಫ್ರೀಕ್ವೆನ್ಸಿಯಿಂದಲೇ ಶುರುವಾಗುತ್ತದೆ. ನಿಮ್ಮ ಹಾಲ್ ಆರ್‌ಸಿಸಿ ಆಗಿರುವುದು ಅದೃಷ್ಟ. ಹಂಚಿನ ಮಾಡಿನ ಕೆಳಗೆ ಇದೇ ಪೆಟ್ಟಿಗೆಯಿಟ್ಟರೆ ಒತ್ತಡವೆಲ್ಲ ಹಂಚಿನ ಸಂದಿನಲ್ಲಿ ಹೊರಟುಹೋಗುತ್ತದೆ, ಮೇಲಾಗಿ ಹಂಚುಗಳು ಕಟಕಟ ಅನ್ನುತ್ತವೆ. ಹಾಗೆಯೇ ಹಳೆಯ ಮನೆಗೆ ಹೋಗುವ ಬಾಗಿಲು ತೆರೆದಿದ್ದರೆ ಈ ನೆರವಿನ ಬಹುಪಾಲು ಸೋರಿಹೋಗುತ್ತದೆ.

ಇನ್ನೊಂದು ಮಿತಿಯನ್ನು ಮೊದಲೇ ತಿಳಿದುಕೊಂಡಿರಿ. ಧ್ವನಿಯ ಮಟ್ಟವನ್ನು ಅಷ್ಟೇ ಇಟ್ಟುಕೊಂಡು ಒಂದು ಅಷ್ಟಕ ಕೆಳಗಿಳಿಯಬೇಕಾದರೆ ಕೋನ್ ನಾಲ್ಕು ಪಟ್ಟು ದೂರ ಚಲಿಸಬೇಕು. 12 ಇಂಚಿನ ಕೋನಿನ ವಿಸ್ತೀರ್ಣವನ್ನು 480 ಚದರ ಸೆಂ.ಮೀ. ಎಂದು ಹಿಡಿದರೆ, 10 ಮಿ.ಮೀ. ಚಲನೆಯಲ್ಲಿ (ಕಾಗದದಲ್ಲಿರುವ ಎಕ್ಸ್‌ಮ್ಯಾಕ್ಸ್ ಅದೇ) ನೆಲದ ಮೇಲಿಟ್ಟ ಮುಚ್ಚಿದ ಪೆಟ್ಟಿಗೆ ಒಂದು ಮೀಟರ್ ದೂರದಲ್ಲಿ 40 ಹರ್ಟ್ಸ್‌ಗೆ 106 ಡೆಸಿಬಲ್ ಕೊಡುತ್ತದೆ. ಆದರೆ 20 ಹರ್ಟ್ಸ್‌ಗೆ ಕೇವಲ 94. ಇದು ಕೋಣೆಯ ನೆರವನ್ನು ಸೇರಿಸದ ಅಂಕಿ. ಎಷ್ಟೇ ದೊಡ್ಡ ಆಂಪ್ಲಿಫೈಯರ್ ತಂದರೂ ಈ ಮಿತಿ ಸರಿಯುವುದಿಲ್ಲ, ಏಕೆಂದರೆ ಇದು ತಳ್ಳಲಾಗುವ ಗಾಳಿಯ ಪ್ರಮಾಣದ ಮಿತಿ.

ಹಲಗೆಗೆ ಗರಗಸ ಹಚ್ಚುವ ಮುನ್ನ ಡ್ರೈವರನ್ನು ಒಮ್ಮೆ ಅಳೆಯಿರಿ. ಕಾರಿನ ಬಿಸಿಲಲ್ಲಿ ದುಡಿದ ಡ್ರೈವರ್ ಕಾಗದದ ಅಂಕಿಗಳನ್ನೇ ಉಳಿಸಿಕೊಂಡಿರುತ್ತದೆ ಎನ್ನಲಾಗದು. ಎರಡು ಕಾಯಿಲ್‌ಗಳನ್ನು ಸರಣಿಯಲ್ಲಿ ಜೋಡಿಸಿ, ಅದಕ್ಕೆ 1 ಕಿಲೋಓಮ್ ರೆಸಿಸ್ಟರ್ ಸೇರಿಸಿ, ಎವಿ ರಿಸೀವರ್‌ನ ಮುಂದಿನ ಒಂದು ಚಾನೆಲ್‌ಗೆ ಕೊಡಿ. ರಿಸೀವರ್ ಸ್ಟೀರಿಯೊ ಡೈರೆಕ್ಟ್ ಸ್ಥಿತಿಯಲ್ಲಿರಲಿ, ಇಲ್ಲದಿದ್ದರೆ ಅದು ಕೆಳಗಿನ ಧ್ವನಿಯನ್ನು ಆ ಚಾನೆಲ್‌ಗೆ ಬಿಡುವುದೇ ಇಲ್ಲ. ಫೋನಿನ ಟೋನ್ ಜನರೇಟರ್ ಆ್ಯಪ್‌ನಿಂದ 15 ಹರ್ಟ್ಸ್‌ನಿಂದ ಮೇಲಕ್ಕೆ ಒಂದೊಂದೇ ಹರ್ಟ್ಸ್ ಏರಿಸುತ್ತಾ, ಮಿಲಿವೋಲ್ಟ್ ಎಸಿ ತೋರಿಸುವ ಮಲ್ಟಿಮೀಟರ್‌ನಿಂದ ಡ್ರೈವರ್‌ನ ಎರಡು ತುದಿಗಳ ನಡುವಿನ ವೋಲ್ಟೇಜ್ ಗಮನಿಸಿ. ಅದು ಗರಿಷ್ಠವಾಗುವ ಜಾಗವೇ ಎಫ್‌ಎಸ್. ಅಲ್ಲಿನ ಪ್ರತಿರೋಧವನ್ನು ಕಾಯಿಲ್‌ಗಳ ಒಟ್ಟು ಡಿಸಿ ರೋಧದಿಂದ ಭಾಗಿಸಿ ಬಂದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಡಿಸಿ ರೋಧದ, ಆ ಸಂಖ್ಯೆಯ ವರ್ಗಮೂಲದಷ್ಟು ಪಟ್ಟು ಪ್ರತಿರೋಧ ಇರುವ ಫ್ರೀಕ್ವೆನ್ಸಿಗಳು ಎಫ್‌ಎಸ್‌ನ ಎರಡೂ ಬದಿಗೆ ಒಂದೊಂದು ಸಿಗುತ್ತವೆ. ಎಫ್‌ಎಸ್ ಅನ್ನು ಅದೇ ವರ್ಗಮೂಲದಿಂದ ಗುಣಿಸಿ, ಆ ಎರಡು ಫ್ರೀಕ್ವೆನ್ಸಿಗಳ ಅಂತರದಿಂದ ಭಾಗಿಸಿ, ಮತ್ತೆ ಮೊದಲು ಬರೆದಿಟ್ಟ ಸಂಖ್ಯೆಯಿಂದ ಭಾಗಿಸಿದರೆ ಕ್ಯೂಟಿಎಸ್ ಬರುತ್ತದೆ. ಕಾಗದದ ಮೇಲೆ ಗೊಂದಲವೆನಿಸಿದರೂ ಕುಳಿತು ಮಾಡಿದರೆ ಒಂದು ಸಂಜೆಯ ಕೆಲಸ. ಈ ಶ್ರಮಕ್ಕೆ ಅರ್ಥವಿದೆ: ವಿಎಎಸ್ ಹಾಗೆಯೇ ಇದ್ದು ಕ್ಯೂಟಿಎಸ್ ಮಾತ್ರ 0.50ಕ್ಕೆ ಏರಿದ್ದರೆ 54 ಲೀಟರ್ ಬದಲು 80 ಲೀಟರ್ ಬೇಕಾಗುತ್ತದೆ.

ಚೌಕಟ್ಟು:

ಮೇಲಿನವರ ಲೆಕ್ಕವನ್ನು ಒಪ್ಪಿಕೊಂಡು ನಾನು ಮರದ ವಿಷಯಕ್ಕಷ್ಟೇ ಬರುತ್ತೇನೆ. 54 ಲೀಟರ್ ಎಂದರೆ ಗಾಳಿಗೆ ಸಿಗಬೇಕಾದ ಜಾಗ. ಡ್ರೈವರ್‌ನ ಹಿಂಭಾಗ ಮತ್ತು ಒಳಗಿನ ಆಧಾರಪಟ್ಟಿಗಳು ನುಂಗುವ ಜಾಗವನ್ನು ಸೇರಿಸಿ 60 ಲೀಟರ್ ಎಂದು ಹಿಡಿಯಿರಿ. ಒಳ ಅಳತೆ 40 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರ, 37.5 ಸೆಂ.ಮೀ. ಆಳ ಇಟ್ಟರೆ ಸರಿಯಾಗಿ 60 ಲೀಟರ್ ಆಗುತ್ತದೆ. 18 ಮಿ.ಮೀ. ಹಲಗೆಯಲ್ಲಿ ಮುಂದಿನ ಮತ್ತು ಹಿಂದಿನ ಹಲಗೆಗಳು 43.6 ಸೆಂ.ಮೀ. ಚೌಕ, ಮೇಲಿನ ಮತ್ತು ಕೆಳಗಿನವು 43.6ಕ್ಕೆ 37.5, ಪಕ್ಕದವೆರಡು 40ಕ್ಕೆ 37.5. ಇವಿಷ್ಟೂ 8ಕ್ಕೆ 4 ಅಡಿಯ ಹಾಳೆಯ ಅರ್ಧದಲ್ಲಿ, ಅಂದರೆ 122 ಸೆಂ.ಮೀ. ಚೌಕದಲ್ಲಿ, ಮೂರು ಸಾಲಾಗಿ ಕೂರುತ್ತವೆ. ಬದಿಯಲ್ಲಿ ಸುಮಾರು 34 ಸೆಂ.ಮೀ. ಅಗಲದ ಪಟ್ಟಿ ಉಳಿದು ಆಧಾರಪಟ್ಟಿಗಳಿಗೆ ಒದಗುತ್ತದೆ. ಕೈಗರಗಸದಿಂದ ಕೊಯ್ಯಿಸುವ ಬದಲು ಪ್ಲೈವುಡ್ ಅಂಗಡಿಯ ಪ್ಯಾನೆಲ್ ಗರಗಸದಲ್ಲಿ ಕೊಯ್ಯಿಸಿದರೆ ಅಂಚುಗಳು ಗುಂಡುಸೂಜಿಯಷ್ಟೂ ಸಂದಿಲ್ಲದೆ ಕೂಡುತ್ತವೆ.

ಸಾಗರದ ಮಳೆಗೆ ಸಾಧಾರಣ ಎಂಡಿಎಫ್ ಬೇಡ. ಎಂಡಿಎಫ್ ಸಮತಟ್ಟಾಗಿದ್ದು ಭಾರವಾಗಿರುವುದರಿಂದ ಸ್ಪೀಕರ್ ಪೆಟ್ಟಿಗೆಗೆ ಬಹಳ ಒಳ್ಳೆಯದೇ. ಆದರೆ ಕೊಯ್ದ ಅಂಚಿನಿಂದ ತೇವ ಎಳೆದುಕೊಂಡು ಉಬ್ಬಿದರೆ ಮತ್ತೆ ಮೊದಲಿನಂತಾಗುವುದಿಲ್ಲ. ಅದರ ಬದಲು ಅಡುಗೆಮನೆಯ ಕಪಾಟಿಗೆ ಬಳಸುವ ಎಚ್‌ಡಿಎಚ್‌ಎಂಆರ್ ಹಲಗೆಯನ್ನು ತನ್ನಿ. ಎಂಡಿಎಫ್‌ನ ಗುಣಗಳೇ ಇದ್ದು ತೇವವನ್ನು ಹೆಚ್ಚು ತಡೆಯುತ್ತದೆ. ಪ್ಲೈವುಡ್ಡೇ ಬೇಕೆಂದರೆ ಐಎಸ್ 710 ಗುರುತಿರುವ ಮರೈನ್ ದರ್ಜೆಯದನ್ನು ಕೇಳಿ. ಐಎಸ್ 303 ಎಂದಿರುವುದು ಸಾಮಾನ್ಯ ಬಳಕೆಯ ಪ್ಲೈವುಡ್. ಯಾವುದೇ ಆದರೂ ಕೊಯ್ದ ಅಂಚನ್ನು ನೋಡಿ ಒಳಪದರಗಳಲ್ಲಿ ಪೊಳ್ಳಿಲ್ಲವೆಂದು ಖಾತ್ರಿಪಡಿಸಿಕೊಳ್ಳಿ. ಪೊಳ್ಳಿರುವ ಜಾಗ ಝಲ್ಲೆಂದು ದನಿಗೂಡುತ್ತದೆ.

ಜೋಡಣೆಯಲ್ಲಿ ಬಲ ಕೊಡುವುದು ಅಂಟು. ಸ್ಕ್ರೂಗಳು ಅಂಟು ಒಣಗುವವರೆಗೆ ಹಿಡಿದಿಟ್ಟುಕೊಳ್ಳುವುದಕ್ಕಷ್ಟೇ. ಎಲ್ಲ ಕೂಡುಅಂಚುಗಳಿಗೂ ಧಾರಾಳವಾಗಿ ಅಂಟು ಹಚ್ಚಿ, ಒಳಗಿನ ಮೂಲೆಗಳಿಗೆ ಮತ್ತೊಂದು ಸುತ್ತು ಎಳೆಯಿರಿ. ಸಿಲಿಕೋನ್ ಬಳಸಿದರೆ, ವಿನೆಗರ್ ವಾಸನೆ ಬರುವ ಬಗೆಯದು ಪೂರ್ತಿ ಒಣಗಿ ವಾಸನೆ ಹೋದ ಮೇಲೆಯೇ ಡ್ರೈವರ್ ಕೂರಿಸಿ. ಅದರ ಆವಿ ಡ್ರೈವರ್‌ಗೆ ಒಳ್ಳೆಯದಲ್ಲ. ಎದುರುಬದುರು ಹಲಗೆಗಳನ್ನು ನಡುವಿನಲ್ಲಿ ಕಟ್ಟುವ ಒಂದೊಂದು ಆಧಾರಪಟ್ಟಿ ಸಾಕು. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳಿಗೆ ಇಂತಹುದೇ ಅನುಪಾತ ಇರಬೇಕೆಂದು ಹಲವರು ಹೇಳುವುದುಂಟು. ಸಬ್‌ವೂಫರ್‌ನ ಮಟ್ಟಿಗೆ ಅದಕ್ಕೆ ಅರ್ಥವಿಲ್ಲ, ಏಕೆಂದರೆ 80 ಹರ್ಟ್ಸ್‌ನ ತರಂಗಾಂತರವೇ 4.3 ಮೀಟರ್. ಇಷ್ಟು ಚಿಕ್ಕ ಪೆಟ್ಟಿಗೆಯೊಳಗೆ ಅದು ನಿಂತ ಅಲೆಯಾಗಲು ಸಾಧ್ಯವಿಲ್ಲ.

ಡ್ರೈವರ್‌ನ ರಂಧ್ರ 12 ಇಂಚು ಅಲ್ಲ ಎಂಬುದನ್ನು ಬಡಗಿಗಳಿಗೆ ಒತ್ತಿ ಹೇಳಿ. ಸಾಮಾನ್ಯವಾಗಿ ಅದು 28 ಸೆಂ.ಮೀ. ಆಸುಪಾಸಿನಲ್ಲಿರುತ್ತದೆ, ಡ್ರೈವರನ್ನೇ ಅವರ ಕೈಗೆ ಕೊಟ್ಟು ಅಳೆಯಲು ಹೇಳುವುದು ಉತ್ತಮ. ಅಂಚಿನ ಕೆಳಗೆ ಬಾಗಿಲಿಗೆ ಅಂಟಿಸುವ ಫೋಮ್ ಪಟ್ಟಿಯನ್ನು ಸುತ್ತಿಸಿ. ಎಲ್ಲ ಮುಗಿದ ಮೇಲೆ 25 ಹರ್ಟ್ಸ್ ಟೋನ್ ಹಾಕಿ, ಹೊತ್ತಿಸಿದ ಊದುಬತ್ತಿಯನ್ನು ಪ್ರತಿ ಸಂದಿನ ಬಳಿಯೂ ಹಿಡಿದು ನೋಡಿ: ಹೊಗೆ ನೇರವಾಗಿ ಏಳದೆ ಮಿಡುಕಿದರೆ ಅಲ್ಲಿ ಗಾಳಿ ಸೋರುತ್ತಿದೆ. ಮತ್ತೊಂದು ಮಾತು, ಎಚ್‌ಡಿಎಚ್‌ಎಂಆರ್ ಆಗಲಿ ಎಂಡಿಎಫ್ ಆಗಲಿ, ಕೊಯ್ಯುವಾಗ ಮೂಗಿಗೆ ಮಾಸ್ಕ್ ಇಲ್ಲದೆ ನಿಲ್ಲಬೇಡಿ. ಅದರ ಧೂಳಿನಲ್ಲಿ ಅಂಟಿನ ಅಂಶವೂ ಇರುತ್ತದೆ.

ಸಾಗರದವ:

ಇಬ್ಬರಿಗೂ ಧನ್ಯವಾದಗಳು. 36 ಮತ್ತು 38 ಹರ್ಟ್ಸ್‌ಗಳ ವಿಚಾರ ಓದಿದ ಮೇಲೆ ಆ ನಕ್ಷೆಯ ಆಸೆ ಬಿಟ್ಟಿದ್ದೇನೆ. ಡ್ರೈವರ್ ಅಳೆಯಲು ರೆಸಿಸ್ಟರ್ ತರಿಸುತ್ತೇನೆ. ಅಷ್ಟರಲ್ಲಿ ಆಂಪ್ಲಿಫೈಯರ್ ಬಗ್ಗೆ ಯಾರಾದರೂ ಹೇಳುವಿರಾ? ಡ್ರೈವರ್‌ಗೆ 300 ವಾಟ್ ಎಂದಿರುವುದರಿಂದ ಅಷ್ಟೇ ವಾಟ್‌ನದು ಬೇಕೇ? ಕಾರಿನಲ್ಲಿದ್ದ ಆಂಪ್ಲಿಫೈಯರ್ ಕೂಡ ಇದೆ, ಅದನ್ನು ಕಂಪ್ಯೂಟರಿನ 12 ವೋಲ್ಟ್ ಎಸ್‌ಎಂಪಿಎಸ್ ಪವರ್ ಸಪ್ಲೈಗೆ ಜೋಡಿಸಿ ಬಳಸಬಹುದೇ? ಈಗಿನ ಸಬ್‌ವೂಫರ್‌ನಲ್ಲಿ ಸದಾ ಸಣ್ಣದೊಂದು ಝೇಂಕಾರವಿದೆ. ಹೊಸದರಲ್ಲೂ ಅದು ಬಂದರೆ ಏನು ಮಾಡಬೇಕು?

ಎಸ್‌ಪಿ ರಸ್ತೆ ಪಯಣಿಗ:

300 ವಾಟ್ ಎಂಬುದು ಡ್ರೈವರ್ ತಾಳಿಕೊಳ್ಳುವ ಶಾಖದ ಮಿತಿ, ಅದಕ್ಕೆ ಉಣಿಸಲೇಬೇಕಾದ ಪ್ರಮಾಣವಲ್ಲ. ನಿಮ್ಮ ಡ್ರೈವರ್ 1 ವಾಟ್‌ಗೆ 86 ಡೆಸಿಬಲ್ ಕೊಡುತ್ತದೆ. 130 ವಾಟ್ ಎಂದರೆ ಅದರ ಮೇಲೆ 21 ಡೆಸಿಬಲ್, ಒಟ್ಟು 107. ಕೋನ್ ತನ್ನ 10 ಮಿ.ಮೀ. ಚಲನೆಯಲ್ಲಿ 40 ಹರ್ಟ್ಸ್‌ಗೆ ಕೊಡಬಲ್ಲದ್ದು 106 ಎಂದು ಮೇಲೆ ಲೆಕ್ಕ ಬಂದಿದೆ. ಆದ್ದರಿಂದ ಈ ಪೆಟ್ಟಿಗೆಗೆ 130ರಿಂದ 150 ವಾಟ್ ಸಾಕು. ಹೆಚ್ಚಿನದೆಲ್ಲ ಕಾಯಿಲ್ ಕಾಯಿಸುವುದಕ್ಕೆ ಹೋಗುತ್ತದೆ.

ಎರಡು ಕಾಯಿಲ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ 8 ಓಮ್, ಸಮಾಂತರದಲ್ಲಿ ಜೋಡಿಸಿದರೆ 2 ಓಮ್. ಮನೆಯ ಬಳಕೆಗೆ 8 ಓಮ್ ಇರಲಿ. ಒಂದು ಕಾಯಿಲನ್ನು ಮಾತ್ರ ಬಳಸಿ ಇನ್ನೊಂದನ್ನು ಖಾಲಿ ಬಿಟ್ಟರೆ ವಿದ್ಯುತ್ ಕಡೆಯ ಕ್ಯೂ ಎರಡು ಪಟ್ಟಾಗುವುದರಿಂದ ಪೆಟ್ಟಿಗೆಯ ಲೆಕ್ಕವೆಲ್ಲ ಕೆಡುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ, ಆನ್‌ಲೈನ್‌ನಲ್ಲಾಗಲಿ ಸಿಗುವ ಟಿಪಿಎ3255 ಚಿಪ್‌ನ ಕ್ಲಾಸ್ ಡಿ ಆಂಪ್ಲಿಫೈಯರ್ ಬೋರ್ಡನ್ನು 48 ವೋಲ್ಟ್‌ನ ಪವರ್ ಸಪ್ಲೈಗೆ ಜೋಡಿಸಿದರೆ 8 ಓಮ್‌ಗೆ ಸುಮಾರು 130 ವಾಟ್ ಬರುತ್ತದೆ. ಸಪ್ಲೈ 5 ಆಂಪಿಯರ್‌ನದಾಗಿದ್ದರೆ ನಿಶ್ಚಿಂತೆ. ಈ ಬಗೆಯ ಬೋರ್ಡಿನಲ್ಲಿ ಸ್ಪೀಕರ್‌ನ ಎರಡು ತಂತಿಗಳಲ್ಲಿ ಯಾವುದೂ ಗ್ರೌಂಡ್ ಅಲ್ಲ ಎಂಬುದನ್ನು ಮರೆಯಬೇಡಿ. ಯಾವ ತಂತಿಯೂ ಲೋಹದ ಪೆಟ್ಟಿಗೆಗೆ ತಾಗಬಾರದು. 5200 ಮತ್ತು 1943 ಟ್ರಾನ್ಸಿಸ್ಟರ್ ಜೋಡಿಯ ಹಳೆಯ ಬಗೆಯ ಬೋರ್ಡ್‌ಗಳೂ ಒಳ್ಳೆಯವೇ, ನಮ್ಮ ಊರುಗಳ ರಿಪೇರಿ ಅಂಗಡಿಯವರಿಗೆ ಅವು ಅಂಗೈ ರೇಖೆಯಷ್ಟು ಪರಿಚಿತ. ಆದರೆ ಅವಕ್ಕೆ ದೊಡ್ಡ ಟ್ರಾನ್ಸ್‌ಫಾರ್ಮರ್ ಮತ್ತು ಹೀಟ್‌ಸಿಂಕ್ ಬೇಕು, ಅವುಗಳಿಗೇ ಹೆಚ್ಚು ಖರ್ಚಾಗುತ್ತದೆ.

ಕಾರಿನ ಆಂಪ್ಲಿಫೈಯರ್‌ನ ಯೋಚನೆ ಬಿಡುವುದು ಮೇಲು. 12 ವೋಲ್ಟ್‌ನಿಂದ 300 ವಾಟ್ ಪಡೆಯಲು, ನಷ್ಟವನ್ನೂ ಸೇರಿಸಿದರೆ, 40 ಆಂಪಿಯರ್‌ವರೆಗೂ ಬೇಕಾಗಬಹುದು. ಕಂಪ್ಯೂಟರಿನ ಹಳೆಯ ಎಸ್‌ಎಂಪಿಎಸ್ ಮೊದಲ ಗುಡುಗಿಗೇ ಆರಿಹೋಗುತ್ತದೆ.

ರಿಸೀವರ್‌ನ ಸಬ್‌ವೂಫರ್ ಔಟ್‌ಪುಟ್‌ನಿಂದ ಒಂದೇ ಆರ್‌ಸಿಎ ಕೇಬಲ್ ಸಾಕು. ರಿಸೀವರ್‌ನಲ್ಲಿ ಎಲ್ಲ ಸ್ಪೀಕರ್‌ಗಳನ್ನೂ "ಸ್ಮಾಲ್" ಎಂದು ಆಯ್ದು, ಕ್ರಾಸ್‌ಓವರ್ (ಯಾವುದರ ಕೆಳಗಿನ ಧ್ವನಿ ಸಬ್‌ವೂಫರ್‌ಗೆ ಹೋಗಬೇಕೆಂಬ ಗಡಿ) 80 ಹರ್ಟ್ಸ್‌ಗೆ ಇಡಿ. ಆಂಪ್ಲಿಫೈಯರ್ ಬೋರ್ಡಿನಲ್ಲಿ ಬೇರೆ ಲೋ-ಪಾಸ್ (ಮೇಲಿನ ಸ್ವರಗಳನ್ನು ತಡೆಯುವ ಫಿಲ್ಟರ್) ಇದ್ದರೆ ಅದನ್ನು ತೆಗೆದುಬಿಡಿ ಅಥವಾ ಕೊನೆಯವರೆಗೆ ಏರಿಸಿ. ಎರಡು ಕ್ರಾಸ್‌ಓವರ್‌ಗಳು ಒಂದರ ಮೇಲೊಂದು ಕೂತರೆ ನಡುವಿನ ಧ್ವನಿ ಕಾಣೆಯಾಗುತ್ತದೆ. 5.1ರಲ್ಲಿ ಆ ".1" ಎಂಬುದು 120 ಹರ್ಟ್ಸ್‌ವರೆಗಿನ ಪ್ರತ್ಯೇಕ ಚಾನೆಲ್ ಆದ್ದರಿಂದ, ಬೇರೆ ಸೆಟ್ಟಿಂಗ್‌ನಲ್ಲಿ ಎಲ್‌ಎಫ್‌ಇಗೆ (ಆ ಚಾನೆಲ್‌ನ ಹೆಸರದು) 120 ಎಂದೇ ಇರಲಿ.

ಝೇಂಕಾರದ ವಿಷಯ. ನಮ್ಮಲ್ಲಿ ಅದು 50 ಅಥವಾ 100 ಹರ್ಟ್ಸ್‌ನದಾಗಿರುತ್ತದೆ. ಹೆಚ್ಚಿನ ಮನೆಗಳಲ್ಲಿ ಅದು ಡಿಶ್ ಅಥವಾ ಕೇಬಲ್ ಟಿವಿಯ ತಂತಿಯ ಮೂಲಕ ಬರುತ್ತದೆ: ಆ ತಂತಿಯ ಹೊರಕವಚ ಮನೆಯ ಹೊರಗೆ ಬೇರೆಲ್ಲೋ ಭೂಮಿಗೆ ತಾಗಿರುತ್ತದೆ, ನಿಮ್ಮ ರಿಸೀವರ್ ಅಥವಾ ಆಂಪ್ಲಿಫೈಯರ್ ಮನೆಯ ಅರ್ಥಿಂಗ್‌ಗೆ ತಾಗಿರುತ್ತದೆ, ಎರಡರ ನಡುವಿನ ಅಲ್ಪ ವೋಲ್ಟೇಜ್ ಕೇಬಲ್‌ನ ಕವಚದಲ್ಲಿ ಹರಿದು ಸಬ್‌ವೂಫರ್‌ನಲ್ಲಿ ಕೇಳಿಸುತ್ತದೆ. ಸೆಟ್‌ಟಾಪ್ ಬಾಕ್ಸ್‌ನ ಹಿಂದಿನ ಆ ತಂತಿಯನ್ನು ಬಿಚ್ಚಿ ನೋಡಿ. ಝೇಂಕಾರ ನಿಂತರೆ ಕಾರಣ ಅದೇ. ಕೇಬಲ್ ಟಿವಿಯಾದರೆ ತಂತಿಗೆ ಒಂದು ಐಸೊಲೇಟರ್ ಹಾಕಿಸಿ, ಡಿಶ್ ಆದರೆ ಅದರ ಅರ್ಥಿಂಗನ್ನು ಮನೆಯ ಅರ್ಥಿಂಗ್‌ಗೇ ಸೇರಿಸಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಆಂಪ್ಲಿಫೈಯರ್ ಪ್ಲಗ್‌ನ ಅರ್ಥ್ ಪಿನ್ ಮುರಿದರೆ ಝೇಂಕಾರ ನಿಲ್ಲುತ್ತದೆ ಎಂದು ಸಲಹೆ ಕೊಡುವವರು ಊರಿಗೊಬ್ಬರಿದ್ದಾರೆ. ಅವರ ಮಾತು ಕೇಳಬೇಡಿ. ಮಳೆಗಾಲದಲ್ಲಿ ಒದ್ದೆ ಕೈಯಿಂದ ಆ ಲೋಹದ ಪೆಟ್ಟಿಗೆ ಮುಟ್ಟಬೇಕಾಗಿ ಬರುವುದು ನಿಮ್ಮ ಮನೆಯವರೇ.

ಪಡುವಣ:

ಮುಚ್ಚಿದ ಪೆಟ್ಟಿಗೆಯ ಪರವಾಗಿಯೇ ಎಲ್ಲರೂ ಬರೆದಿರುವುದರಿಂದ ಪೋರ್ಟ್‌ನ ಪರವಾಗಿ ಒಂದು ಮಾತು ಹೇಳಬೇಕೆನಿಸಿತು. ಕೇಳುವುದು ಹೆಚ್ಚಾಗಿ ಸಿನಿಮಾ ಆದರೆ, ಇದೇ ಡ್ರೈವರ್ 90 ಲೀಟರ್‌ನ, 24 ಹರ್ಟ್ಸ್‌ಗೆ ಶ್ರುತಿ ಮಾಡಿದ ಪೋರ್ಟ್ ಪೆಟ್ಟಿಗೆಯಲ್ಲಿ ಆ ಫ್ರೀಕ್ವೆನ್ಸಿಗೆ 105 ಡೆಸಿಬಲ್ ಮುಟ್ಟಬಲ್ಲದು. ಮುಚ್ಚಿದ ಪೆಟ್ಟಿಗೆಯಲ್ಲಿ ಅದು 97ಕ್ಕೆ ನಿಲ್ಲುತ್ತದೆ. ಶ್ರುತಿಯ ಫ್ರೀಕ್ವೆನ್ಸಿಯಲ್ಲಿ ಕೋನ್ ಬಹುಮಟ್ಟಿಗೆ ಸುಮ್ಮನಿದ್ದು, ಪೈಪಿನೊಳಗಿನ ಗಾಳಿಯೇ ಕೆಲಸ ಮಾಡುವುದರಿಂದ ಈ ಲಾಭ.

ಆದರೆ ಇದಕ್ಕೆ ತೆರಬೇಕಾದ ಬೆಲೆಯನ್ನೂ ಹೇಳುತ್ತೇನೆ. ಒಳವ್ಯಾಸ 10 ಸೆಂ.ಮೀ. ಇರುವ ಪೈಪ್ 38 ಸೆಂ.ಮೀ. ಉದ್ದವಿದ್ದರೆ ಸಾಕು, ಆದರೆ 105 ಡೆಸಿಬಲ್‌ನಲ್ಲಿ ಅದರೊಳಗೆ ಗಾಳಿ ಸೆಕೆಂಡಿಗೆ 22 ಮೀಟರ್ ವೇಗದಲ್ಲಿ ನುಗ್ಗಿ ಬುಸುಗುಡುತ್ತದೆ. 17 ಮೀಟರ್‌ಗಿಂತ ಕಡಿಮೆಯಿರಬೇಕೆಂಬುದು ರೂಢಿ. ಒಳವ್ಯಾಸ 15 ಸೆಂ.ಮೀ. ಇರುವ ಚರಂಡಿ ಪೈಪ್ ಹಾಕಿದರೆ ವೇಗ 10 ಮೀಟರ್‌ಗಿಂತ ಕೆಳಗಿಳಿಯುತ್ತದೆ, ಆದರೆ ಉದ್ದ 91 ಸೆಂ.ಮೀ. ಆಗಿ, ಪೈಪೇ 16 ಲೀಟರ್ ಜಾಗ ನುಂಗುತ್ತದೆ. ಎಲ್ಲ ಸೇರಿ ಪೆಟ್ಟಿಗೆ 110 ಲೀಟರ್ ದಾಟುತ್ತದೆ. ಇದಲ್ಲದೆ, ಶ್ರುತಿಗಿಂತ ಕೆಳಗೆ ಕೋನಿಗೆ ಗಾಳಿಯ ತಡೆಯೇ ಇರುವುದಿಲ್ಲ. 15 ಹರ್ಟ್ಸ್‌ನ ಒಂದು ಸ್ಫೋಟ ಬಂದರೂ ಅದು ಮಿತಿ ಮೀರಿ ಜಿಗಿಯುತ್ತದೆ. ಆದ್ದರಿಂದ 20 ಹರ್ಟ್ಸ್ ಸುತ್ತಮುತ್ತ ಹೈ-ಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ಧ್ವನಿಯನ್ನು ತಡೆಯುವಂಥದ್ದು) ಇಲ್ಲದೆ ಪೋರ್ಟ್ ಪೆಟ್ಟಿಗೆಗೆ ಕೈಹಾಕಬಾರದು. ಅದಕ್ಕೆ ಒಂದು ಡಿಎಸ್‌ಪಿ (ಡಿಜಿಟಲ್ ಫಿಲ್ಟರ್) ಪೆಟ್ಟಿಗೆಯನ್ನು ಬೇರೆಯಾಗಿ ಕೊಳ್ಳಬೇಕಾದೀತು. ಮೊದಲ ಬಾರಿಗೆ ಕಟ್ಟುವ ನಿಮಗೆ ಮುಚ್ಚಿದ ಪೆಟ್ಟಿಗೆಯೇ ಸೂಕ್ತವೆಂದು ನಾನೂ ಒಪ್ಪುತ್ತೇನೆ. ಮುಂದೆ ಧ್ವನಿ ಸಾಲದೆನಿಸಿದರೆ ಅಂತಹುದೇ ಇನ್ನೊಂದನ್ನು ಕಟ್ಟಿ ಎದುರು ಗೋಡೆಗೆ ಇಟ್ಟರೆ 38 ಹರ್ಟ್ಸ್‌ನ ಗುಂಯ್‌ಕಾರವೂ ತಗ್ಗುತ್ತದೆ.

ಎಲ್ಲಿ ಇಡಬೇಕೆಂಬುದಕ್ಕೆ ಒಂದು ಸುಲಭ ವಿಧಾನವಿದೆ. ಪೆಟ್ಟಿಗೆಯನ್ನು ನೀವು ಕೂರುವ ಸೋಫಾದ ಮೇಲೆಯೇ ಇಟ್ಟು, ಬಾಸ್ ಮೇಲೆ ಕೆಳಗೆ ಓಡಾಡುವ ಒಂದು ಹಾಡು ಹಾಕಿ, ಗೋಡೆಯ ಬುಡದಲ್ಲಿ ತಲೆ ತಗ್ಗಿಸಿ ತೆವಳುತ್ತಾ ಕೇಳಿ. ಎಲ್ಲಿ ಎಲ್ಲ ಸ್ವರಗಳೂ ಒಂದೇ ಮಟ್ಟದಲ್ಲಿ ಕೇಳುತ್ತವೆಯೋ ಅಲ್ಲಿ ಪೆಟ್ಟಿಗೆಯಿಡಿ. ಮನೆಯವರು ನಕ್ಕರೆ ನಗಲಿ. ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡಿದ್ದರೆ ಎರಡು ಅಡಿಯಾದರೂ ಮುಂದಕ್ಕೆ ಎಳೆಯಿರಿ; ಗೋಡೆಯ ಬುಡದಲ್ಲಿ ಆ 38 ಹರ್ಟ್ಸ್‌ನ ಒತ್ತಡ ಗರಿಷ್ಠವಾಗಿರುತ್ತದೆ. ಅಳೆದು ನೋಡುವ ಮನಸ್ಸಿದ್ದರೆ ರೂಮ್ ಇಕ್ಯೂ ವಿಝಾರ್ಡ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ.

ಸಾಗರದವ:

ಡ್ರೈವರ್ ಅಳೆದೆ. ಎಫ್‌ಎಸ್ 24 ಹರ್ಟ್ಸ್ ಬಂತು, ಕ್ಯೂಟಿಎಸ್ 0.415. ಎರಡೂ ಕಾಗದದಲ್ಲಿದ್ದುದಕ್ಕಿಂತ ಕಡಿಮೆ. ಪೆಟ್ಟಿಗೆಯ ಅಳತೆ ಬದಲಿಸಬೇಕೇ? ಬಡಗಿಗಳು ನಾಳಿದ್ದು ಪೇಟೆಗೆ ಹೋಗುತ್ತಾರೆ.

ಬೆಸುಗೆಕಡ್ಡಿ:

ಬದಲಿಸಬೇಕಾಗಿಲ್ಲ. ಎಫ್‌ಎಸ್ ಅನ್ನು ಕ್ಯೂಟಿಎಸ್‌ನಿಂದ ಭಾಗಿಸಿ ನೋಡಿ: ಕಾಗದದ ಅಂಕಿಗಳಿಂದ 57.8, ನಿಮ್ಮ ಅಳತೆಯಿಂದಲೂ 57.8. ಈ ಅನುಪಾತ ಹಾಗೆಯೇ ಉಳಿದಿದೆ ಎಂದರೆ ಅಯಸ್ಕಾಂತವೂ ಕೋನಿನ ತೂಕವೂ ಮೊದಲಿನಂತೆಯೇ ಇವೆ, ಬಳಕೆಯಿಂದ ಸಸ್ಪೆನ್ಷನ್ ಮಾತ್ರ ಸಡಿಲವಾಗಿದೆ. ಸಸ್ಪೆನ್ಷನ್ ಸಡಿಲವಾದಾಗ ಎಫ್‌ಎಸ್ ಇಳಿದಂತೆಯೇ ವಿಎಎಸ್ ಏರುತ್ತದೆ. ನಿಮ್ಮದು ಈಗ 94 ಲೀಟರ್ ಆಸುಪಾಸಿನಲ್ಲಿರಬೇಕು. ಅದೇ 54 ಲೀಟರ್‌ಗೆ ಹಾಕಿದರೆ ಒಟ್ಟು ಕ್ಯೂ 0.69, ಪೆಟ್ಟಿಗೆಯಲ್ಲಿ ಅನುರಣನ 40 ಹರ್ಟ್ಸ್. 0.707ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಯಾರ ಕಿವಿಗೂ ತಿಳಿಯದು. ಮುಚ್ಚಿದ ಪೆಟ್ಟಿಗೆಯಲ್ಲಿ ಬಿಗಿತದ ಬಹುಪಾಲು ಗಾಳಿಯಿಂದ ಬರುವುದರಿಂದ ಡ್ರೈವರ್‌ನ ಸಡಿಲಿಕೆಗೆ ಅಷ್ಟಾಗಿ ಬೆಲೆಯಿಲ್ಲ.

ಡ್ರೈವರ್ ಕೂರಿಸಿದ ಮೇಲೆ ಅದೇ ರೆಸಿಸ್ಟರ್ ಮತ್ತು ಮಲ್ಟಿಮೀಟರ್‌ನಿಂದ ಮತ್ತೊಮ್ಮೆ ಅಳೆಯಿರಿ. ಗರಿಷ್ಠ ವೋಲ್ಟೇಜ್ 40 ಹರ್ಟ್ಸ್ ಹತ್ತಿರ ಬಂದರೆ ಮುಗಿಯಿತು. 44 ಅಥವಾ ಅದಕ್ಕಿಂತ ಮೇಲೆ ಬಂದರೆ ಒಳಗಿನ ಜಾಗ ಎಲ್ಲೋ ಕಡಿಮೆಯಾಗಿದೆ ಎಂದರ್ಥ. ಆಗ ದಿಂಬಿಗೆ ತುಂಬುವ ಪಾಲಿಯೆಸ್ಟರ್ ನಾರನ್ನು ಸಡಿಲವಾಗಿ ತುಂಬಿದರೆ ಪೆಟ್ಟಿಗೆ ನೂರಕ್ಕೆ ಹತ್ತರಷ್ಟೋ ಸ್ವಲ್ಪ ಹೆಚ್ಚೋ ದೊಡ್ಡದಾದಂತೆ ವರ್ತಿಸುತ್ತದೆ. ಬೂರುಗದ ಹತ್ತಿ ಮಾತ್ರ ಬೇಡ, ನಿಮ್ಮ ಮಳೆಗೆ ಅದು ಮುದ್ದೆಯಾಗುತ್ತದೆ. ಹಲಗೆ ತರಿಸಲು ಹೇಳಿ, 18 ಮಿ.ಮೀ.ನದು.